ಕೆರೆ ಅಂಚಿನ ಜೇಕು ಕೀಳಿಸಬೇಕಾ, ಬಿಡಬೇಕಾ? ಸೋಮವಾರ ಹಿಟಾಚಿ ಬರ್ತಿದೆ

ಕೆರೆಕೋಡಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ವಿಷಯ, ದಯವಿಟ್ಟು ಓದಿ.

ನಮ್ಮೂರ ಕೆರೆ ಹೂಳು ತೆಗೆಸೋಕೆ ದುಡ್ಡು ಬಂದಿದೆ. ಮುಂದಿನ ಸೋಮವಾರ ಹಿಟಾಚಿ ಇಳಿಯುತ್ತೆ. ಕೆರೆ ಸಮಿತಿಯಲ್ಲಿ ನಾನೂ ಇದ್ದೀನಿ. ಮೊನ್ನೆ ಸಭೆಯಲ್ಲಿ, ಅಂಚಲ್ಲಿ ಬೆಳೆದಿರೋ ಜೊಂಡನ್ನೆಲ್ಲ ಬೇರುಸಮೇತ ಎತ್ತಿಸಿ, ಸುತ್ತ ಕಲ್ಲು ಕಟ್ಟಿಸಿ, ಓಡಾಡೋಕೆ ದಾರಿ ಮಾಡಿಸೋಣ ಅನ್ನೋ ಮಾತು ಬಂತು. ಎಲ್ಲರೂ ತಲೆ ಆಡಿಸಿದ್ರು. ನನಗ್ಯಾಕೋ ಮನಸ್ಸು ಒಪ್ಪಲಿಲ್ಲ. ಒಂದು ವಾರ ಸಮಯ ಕೇಳಿದೀನಿ.

ಫೋಟೊ ನೋಡಿ. ಸೊಂಟದೆತ್ತರ ಬೆಳೆಯುತ್ತೆ. ಎಲೆ ಇದೆಯೋ ಇಲ್ಲವೋ ಅನ್ನೋ ಹಾಗೆ ಬರೀ ಕಡ್ಡಿ. ತುದೀಲಿ ಕೊಡೆ ಬಿಚ್ಚಿದ ಹಾಗೆ ಸಣ್ಣ ಕಡ್ಡಿಗಳು, ಅವುಗಳ ಮೇಲೆ ಕಂದು ತೆನೆ. ಮಳೆಗಾಲದಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತಿರುತ್ತೆ, ಬೇಸಿಗೇಲಿ ಮಣ್ಣು ಬಿರುಕು ಬಿಟ್ಟರೂ ಬುಡ ಹಸಿರಾಗೇ ಇರುತ್ತೆ. ನಮ್ಮಜ್ಜಿ ಕಾಲದಲ್ಲಿ ಇದನ್ನ ಕೊಯ್ದು ಚಾಪೆ ಮಾಡ್ತಿದ್ರಂತೆ. ಊರಲ್ಲಿ ಇಂಥದ್ದಕ್ಕೆಲ್ಲ ಜೇಕು ಅಂತಲೇ ಅನ್ನೋದು.

ಇದು ಯಾವ ಗಿಡ? ಕೀಳಿಸಬೇಕಾ, ಬಿಡಬೇಕಾ? ಬಿಡಬೇಕು ಅನ್ನೋರು ಕಾರಣ ಕೊಡಿ, ಸಭೆಯಲ್ಲಿ ಹೇಳಬೇಕು.

ಗದ್ದೆಬಯಲು
ಯೋಚನೆ ಏನಿದೆ ಅಣ್ಣ ಇದರಲ್ಲಿ, ಕಿತ್ತು ಬಿಸಾಕಿ. ಜೇಕು ಅಂದ್ರೆ ಕಳೆ. ನಾಟಿ ಮಾಡಿ ಇಪ್ಪತ್ತು ದಿನಕ್ಕೆ ಗದ್ದೆ ತುಂಬ ಜೇಕು. ಕಳೆ ಕೀಳೋಕೆ ಆಳು ಸಿಗಲ್ಲ, ಸಿಕ್ಕಿದ್ರೂ ಕೂಲಿ ಕೊಟ್ಟು ಪೂರೈಸೋಲ್ಲ. ಕೆರೆಯಲ್ಲಿ ಸಾಕಿದ್ರೆ ಕಾಲುವೆ ನೀರಿನ ಜೊತೆ ಬೀಜ ಗದ್ದೆಗೇ ಬರುತ್ತೆ.

ಗಿಡಗೆಳತಿ
ಕೆರೆಕೋಡಿಯವರೇ, ಫೋಟೊದಲ್ಲಿ ಒಂದಲ್ಲ, ಎರಡು ಗಿಡ ಇವೆ. ಹಿಂದೆ, ಆಳದ ನೀರಲ್ಲಿ ಆಳೆತ್ತರ ನಿಂತಿರೋದು ಬೇರೆ. ಮುಂದಿರೋದರ ಬಗ್ಗೆ ಮೂರು ವಿಷಯ ನೋಡಿ ಹೇಳಿ.

ಕಡ್ಡಿಯನ್ನ ಹೆಬ್ಬೆರಳು, ತೋರುಬೆರಳ ಮಧ್ಯೆ ಹೊರಳಿಸಿ. ಸಲೀಸಾಗಿ ಉರುಳುತ್ತಾ, ಅಂಚು ಬೆರಳಿಗೆ ತಗಲುತ್ತಾ? ಅಡ್ಡ ಕೊಯ್ದರೆ ಒಳಗೆ ಟೊಳ್ಳಾ, ಬೆಂಡು ತುಂಬಿದೆಯಾ? ಬುಡ ಅಗೆದರೆ ಗಡ್ಡೆ ಸರ ಸಿಗುತ್ತಾ, ಇಲ್ಲ ಶುಂಠಿ ಹಾಗೆ ಅಡ್ಡ ಹರಿದ ದಪ್ಪ ಬೇರುಕಾಂಡ ಇದೆಯಾ?

ಬೆಳವಲ
ನಮ್ ಕಡೆ ಇದಕ್ಕ ಆಪು ಅಂತಾರ್ರೀ. ಆಪಿನ ಚಾಪಿ ಮ್ಯಾಲ ಮಲಗಿ ಬೆಳದಾವ್ರು ನಾವು. ಬ್ಯಾಸಗಿಗೆ ಅದರಂಥಾ ತಂಪು ಮತ್ತೊಂದಿಲ್ಲ.

ಕೆರೆಕೋಡಿ
ಗಿಡಗೆಳತಿ ಮೇಡಂ, ಈಗ ತಾನೇ ಹೋಗಿ ನೋಡ್ಕೊಂಡು ಬಂದೆ. ಕಡ್ಡಿ ಮೂರು ಮೂಲೆ, ಹೊರಳಿಸಿದ್ರೆ ಟಕ್ ಟಕ್ ಅಂತ ಅಂಚು ಸಿಗುತ್ತೆ. ಒಳಗೆ ಬಿಳೀ ಬೆಂಡು. ಬುಡದಲ್ಲಿ ಗಡ್ಡೆ ಇಲ್ಲ, ಬೆರಳು ದಪ್ಪದ್ದು ಅಡ್ಡ ಹರಿದಿದೆ. ಎಳೆದರೆ ಬರಲ್ಲ, ಗುದ್ದಲಿ ಬೇಕಾಯ್ತು.

ಇನ್ನೊಂದು ಗಮನಿಸಿದೆ. ಸಣ್ಣ ಬೇರಿಗೆಲ್ಲ ತುಕ್ಕಿನ ಬಣ್ಣ ಮೆತ್ತಿದೆ. ಸುತ್ತ ಮಣ್ಣು ಕಪ್ಪು, ಬೇರು ಮಾತ್ರ ಕೆಂಪು. ರೋಗವಾ ಅದು?

ಗಿಡಗೆಳತಿ
ರೋಗ ಅಲ್ಲ. ನಿಮ್ಮ ಸಭೆಗೆ ಬೇಕಾದ ಮೊದಲ ಕಾರಣ ಅದೇ. ಮುಂದೆ ಹೇಳ್ತೀನಿ.

ಗಿಡ ಸೈಪರಸ್ ಪಂಗೋರೈ ಇರಬೇಕು. ತಮಿಳರು ಕೋರೈ ಅನ್ನೋದು ಇದಕ್ಕೇ, ಹೆಸರಲ್ಲೇ ಕೇಳಿಸ್ತಿದೆ ನೋಡಿ. 1773ರಲ್ಲಿ ರಾಟ್‌ಬೋಲ್ ಅನ್ನೋ ಡೆನ್ಮಾರ್ಕಿನ ಸಸ್ಯಶಾಸ್ತ್ರಜ್ಞ ಕೊಟ್ಟ ಹೆಸರು. ಬುಡದಲ್ಲಿ ಎಲೆ ಬರೀ ಪೊರೆಯಾಗಿ ಉಳಿದಿರುತ್ತೆ, ಅದಕ್ಕೇ ಎಲೆಯೇ ಇಲ್ಲ ಅನ್ನಿಸೋದು. ಹತ್ತಿರದ ಇನ್ನೊಂದು ಜಾತಿಯೂ ಇದೆ, ಕೋರಿಂಬೋಸಸ್. ಅದನ್ನೂ ಚಾಪೆಗೆ ಬಳಸ್ತಾರೆ. ಹೂ ಕೈಯಲ್ಲಿ ಹಿಡಿದು ನೋಡದೆ ನೂರಕ್ಕೆ ನೂರು ಹೇಳಲ್ಲ.

ನೋಡೋಕೆ ಹುಲ್ಲಿನ ಥರ ಇದ್ದರೂ ಇದು ಹುಲ್ಲಿನ ಕುಟುಂಬದ್ದಲ್ಲ. ಜೇಕಿನದ್ದೇ ಬೇರೆ ಕುಟುಂಬ, ಸೈಪರೇಸಿ, ಅದರಲ್ಲಿ ಐದು ಸಾವಿರಕ್ಕೂ ಹೆಚ್ಚು ಜಾತಿ ಇವೆ. ಹುಲ್ಲಿಗೆ ಗೆಣ್ಣು ಇರುತ್ತೆ, ಗೆಣ್ಣಿನ ಮಧ್ಯೆ ಸಾಮಾನ್ಯವಾಗಿ ಟೊಳ್ಳು, ಎಲೆ ಎರಡು ಸಾಲು. ಜೇಕಿನ ಕಡ್ಡಿಯಲ್ಲಿ ಗೆಣ್ಣು ಕಾಣಲ್ಲ, ಒಳಗೆ ಬೆಂಡು, ಎಲೆ ಮೂರು ಸಾಲು.

ಈಗ ತುಕ್ಕಿನ ಬಣ್ಣ. ನೀರು ನಿಂತ ಕೆಸರಲ್ಲಿ ಗಾಳಿ ಇರಲ್ಲ. ಅಲ್ಲಿ ಬದುಕೋಕೆ ಈ ಗಿಡ ಕಡ್ಡಿಯೊಳಗಿನ ಗಾಳಿಗೂಡುಗಳ ಮೂಲಕ ಆಮ್ಲಜನಕವನ್ನ ಬೇರಿಗೆ ಇಳಿಸುತ್ತೆ. ಅದರಲ್ಲಿ ಸ್ವಲ್ಪ ಬೇರಿನಿಂದ ಹೊರಗೆ ಸೋರುತ್ತೆ. ಕೆಸರಲ್ಲಿ ಕರಗಿರೋ ಕಬ್ಬಿಣಕ್ಕೆ ಆ ಆಮ್ಲಜನಕ ಸಿಕ್ಕಿ ತುಕ್ಕಾಗಿ ಬೇರಿನ ಮೇಲೆ ಕೂರುತ್ತೆ. ಅಂದ್ರೆ ಪ್ರತಿ ಬೇರಿನ ಸುತ್ತ ಕೂದಲೆಳೆ ದಪ್ಪದ ಒಂದು ಗಾಳಿಯ ಪದರ. ಕೊಳಚೆಯ ಅಮೋನಿಯಾ ಅಲ್ಲಿ ನೈಟ್ರೇಟ್ ಆಗುತ್ತೆ, ಪಕ್ಕದ ಗಾಳಿಯಿಲ್ಲದ ಕೆಸರಲ್ಲಿ ಆ ನೈಟ್ರೇಟ್ ನೈಟ್ರೋಜನ್ ಆಗಿ ಆಕಾಶಕ್ಕೆ ಹೋಗುತ್ತೆ. ಎರಡೂ ಕೆಲಸ ನಡೆಸೋದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಅವಕ್ಕೆ ಮನೆ ಕಟ್ಟಿಕೊಡೋದು ಈ ಬೇರು.

ಬೆಳವಲ
ಅಂದ್ರ ಆಪು ಅಲ್ಲೇನ್ರೀ ಇದು?

ಗಿಡಗೆಳತಿ
ಅಲ್ಲ ಸರ್. ಆಪು ಅಂದ್ರೆ ಟೈಫಾ. ಫೋಟೊದಲ್ಲಿ ಹಿಂದೆ ನಿಂತಿದೆಯಲ್ಲ, ಕತ್ತಿಯಂಥ ಉದ್ದ ಎಲೆ, ಊದುಬತ್ತಿ ಥರ ಕಂದು ತೆನೆ, ಅದು. ಆಪಿನ ಚಾಪೆ ಆಗೋದು ಎಲೆಯಿಂದ. ಕೋರೈ ಚಾಪೆ ಆಗೋದು ಕಡ್ಡಿಯಿಂದ.

ಬೆಳವಲ
ಖರೇ ಐತ್ರೀ. ನಮ್ ಚಾಪಿ ಅಗಲ ಎಲಿದು, ಮೆತ್ತಗ ಇರ್ತಿತ್ತು.

ಕಡಲತಡಿ
ನಮ್ಮಲ್ಲಿ ಎರಡೂ ಅಲ್ಲ ಮಾರಾಯ್ರೆ, ಮುಂಡುಗೆ ಓಲೆಯ ಚಾಪೆ. ಅದು ಕೇದಗೆ ಜಾತಿ. ಮುಳ್ಳು ತೆಗೆಯುವುದೇ ದೊಡ್ಡ ಕೆಲಸ. ಈಗ ಮದುವೆ ಮನೆಗೂ ಪ್ಲಾಸ್ಟಿಕ್ ಚಾಪೆ ಬಂದಿದೆ, ಬೆವರು ಹೀರುವುದಿಲ್ಲ, ಬೆನ್ನಿಗೆ ಅಂಟುತ್ತದೆ.

ಆದರೆ ಮೂರು ಮೂಲೆಯ ಕಡ್ಡಿ ನಮ್ಮಲ್ಲೂ ಇದೆ. ಗಜನಿ ಗದ್ದೆಯ (ಅಳಿವೆ ಬದಿಯ ಉಪ್ಪುಮಣ್ಣಿನ ಗದ್ದೆ) ಕಂಟದ, ಅಂದರೆ ಒಡ್ಡಿನ, ಹೊರಗೆ, ಉಪ್ಪುನೀರು ಏರಿ ಇಳಿಯುವ ಕಡೆ. ಅದೂ ಇದೇ ಗಿಡವೇ?

ಗಿಡಗೆಳತಿ
ಅಲ್ಲಿರೋದು ಬಹುಶಃ ಸೈಪರಸ್ ಮಲಕ್ಕೆನ್ಸಿಸ್. ಅಳಿವೆಯ ಉಪ್ಪು ತಾಳಿಕೊಳ್ಳೋ ಜೇಕು. ಒಂದೇ ಮನೆತನ, ಬೇರೆ ಬೇರೆ ಊರು. ಆದರೆ ಒಂದು ಸಾಮ್ಯ ಗಮನಿಸಿ. ನಿಮ್ಮಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತೆ, ಕೆರೆಕೋಡಿಯವರ ಕೆರೆಯಲ್ಲಿ ವರ್ಷಕ್ಕೆ ಒಂದು ಸಲ. ಎರಡೂ ಕಡೆ ಜೇಕು ನಿಂತಿರೋದು ಆ ಏರಿಳಿತದ ಜಾಗದಲ್ಲೇ.

ಗದ್ದೆಬಯಲು
ಹೆಸರು ಏನೇ ಇರಲಿ ಮೇಡಂ, ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಗದ್ದೆಗೆ ಬರುತ್ತೋ ಇಲ್ವೋ?

ಗಿಡಗೆಳತಿ
ನ್ಯಾಯವಾದ ಪ್ರಶ್ನೆ. ಗದ್ದೆಯಲ್ಲಿ ನಿಮ್ಮನ್ನ ಕಾಡೋದು ಹೆಚ್ಚಾಗಿ ಸೈಪರಸ್ ಡಿಫಾರ್ಮಿಸ್, ಸೈಪರಸ್ ಇರಿಯಾ, ಫಿಂಬ್ರಿಸ್ಟೈಲಿಸ್ ಇವು. ಒಂದೇ ಹಂಗಾಮಲ್ಲಿ ಹುಟ್ಟಿ, ಹೂಬಿಟ್ಟು, ಬೀಜ ಉದುರಿಸಿ ಸಾಯೋವು. ಡಿಫಾರ್ಮಿಸ್ ಒಂದೇ ಗಿಡ ಸಾವಿರಾರು ಬೀಜ ಚೆಲ್ಲುತ್ತೆ. ಆ ಬೀಜ ನಿಮ್ಮ ಗದ್ದೆ ಮಣ್ಣಲ್ಲೇ ವರ್ಷಗಟ್ಟಲೆ ಕೂತಿರುತ್ತೆ, ಕೆರೆಯಿಂದ ಬರಬೇಕಾಗಿಲ್ಲ.

ಹೊಲದ ಕೊನ್ನಾರಿ ಇನ್ನೊಂದು, ಸೈಪರಸ್ ರೋಟಂಡಸ್. ಅದು ಗಡ್ಡೆಸರದ್ದು. ಒಂದು ಗಡ್ಡೆ ಉಳಿದ್ರೂ ಮತ್ತೆ ಬಂತು.

ಪಂಗೋರೈ ಬಹುವಾರ್ಷಿಕ. ಬೇರುಕಾಂಡದಿಂದ ಹರಡುತ್ತೆ. ವರ್ಷಕ್ಕೆರಡು ಸಲ ಉಳೋ ಗದ್ದೆಯಲ್ಲಿ ನೆಲೆ ಊರೋಕೆ ಅದಕ್ಕೆ ಪುರುಸೊತ್ತೇ ಸಿಗಲ್ಲ. ಕಾಲುವೆ ಬದಿಯಲ್ಲಿ ಬೆಳೆದು ನೀರು ಕಟ್ಟಿಸಬಹುದು, ಅದನ್ನ ಒಪ್ಪತೀನಿ. ಅಲ್ಲಿ ತೆಗೆಸಬೇಕು.

ಗದ್ದೆಬಯಲು
ಸರಿ, ಅದೊಂದು ಮಾತು ಒಪ್ಪಿದೆ. ಆದ್ರೂ ನಮಗೆ ಎಲ್ಲಾನೂ ಒಂದೇ ಥರ ಕಾಣುತ್ತೆ.

ವೈದ್ಯಶ್ರೀ
ಕೊನ್ನಾರಿ ಗಡ್ಡೆ ಮಾತು ಬಂತಲ್ಲ, ಒಂದೆರಡು ಸಾಲು. ತುಂಗೆ ಗಡ್ಡೆ, ಭದ್ರಮುಷ್ಟಿ ಅಂತಲೂ ಕರೀತಾರೆ. ಸಂಸ್ಕೃತದಲ್ಲಿ ಮುಸ್ತಾ. ಜ್ವರದಲ್ಲಿ ಬಾಯಾರಿಕೆಗೆ ಕೊಡೋ ಷಡಂಗ ಪಾನೀಯದ ಆರು ದ್ರವ್ಯಗಳಲ್ಲಿ ಇದೂ ಒಂದು. ಉತ್ತರದಲ್ಲಿ ನಾಗರಮೋಥಾ ಅಂತ ಇದರಿಂದ ಅತ್ತರಿನ ಎಣ್ಣೆ ತೆಗೀತಾರೆ.

ಹಳೇ ಸಂಸ್ಕೃತ ಕಾವ್ಯಗಳಲ್ಲಿ ಕಾಡುಹಂದಿ ಬಂತು ಅಂದ್ರೆ ಹೊಂಡದ ಕೆಸರಲ್ಲಿ ಮುಸ್ತಾ ಗಡ್ಡೆ ಅಗೀತಾ ಇರಬೇಕು, ಅದು ರೂಢಿ. ಇವತ್ತು ಹೊಲದ ಕಳೆ ಅಂತ ಬೈಯೋ ಗಿಡವನ್ನ ಆ ಕವಿಗಳು ಕಂಡಿದ್ದು ಕಾಡಿನ ಹೊಂಡದ ದಡದಲ್ಲಿ.

ಗದ್ದೆಬಯಲು
ಕಾಡುಹಂದಿ ಈಗಲೂ ಬರ್ತಾವೆ ಡಾಕ್ಟ್ರೇ. ಕೊನ್ನಾರಿ ಬಿಟ್ಟು ಗೆಣಸು, ಕಬ್ಬು ಎಲ್ಲಾ ತಿಂದು ಹೋಗ್ತಾವೆ.

ಮುಂಜಾನೆನಡಿಗೆ
ನಾನು ನಗರದ ಕೆರೆ ಪಕ್ಕದ ನಿವಾಸಿ. ಇನ್ನೊಂದು ಕಡೆಯ ಮಾತೂ ಹೇಳ್ತೀನಿ, ಬೇಜಾರಾಗಬೇಡಿ. ಜೊಂಡು ಬೆಳೆದ ಮೇಲೆ ನಮಗೆ ಸೊಳ್ಳೆ ಕಾಟ ಜಾಸ್ತಿ ಆಯ್ತು. ಹಾವು ದಾರಿಗೆ ಬರ್ತಾವೆ. ಮಕ್ಕಳನ್ನ ಕರ್ಕೊಂಡು ಹೋಗೋಕೆ ಭಯ. ಕೆರೆ ಅಂದ್ಮೇಲೆ ನೀರು ಕಾಣಬೇಡವಾ? ಕಲ್ಲು ಕಟ್ಟಿದ ದಡ ಚೊಕ್ಕಟವಾಗಿರುತ್ತೆ.

ಹಕ್ಕಿನೋಟ
ಮುಂಜಾನೆನಡಿಗೆ ಅವರೇ, ನಿಮ್ಮ ಕೆರೆಗೆ ಚರಂಡಿ ನೀರು ಬರುತ್ತಾ? ಸೊಳ್ಳೆ ಎಲ್ಲಿಂದ ಅನ್ನೋದು ಅದರ ಮೇಲಿದೆ. ಕ್ಯೂಲೆಕ್ಸ್ ಸೊಳ್ಳೆಗೆ ಬೇಕಾದದ್ದು ನಿಂತ ಕೊಳಕು ನೀರು. ಸತ್ತ ಆಪು ಒತ್ತೊತ್ತಾಗಿ ಬಿದ್ದು ಕೊಳೀತಾ ಇದ್ದರೆ ಅಲ್ಲಿ ಮೀನು ಹೋಗೋಕಾಗಲ್ಲ, ಸೊಳ್ಳೆ ಮರಿಗೆ ಆಸರೆ ಆಗುತ್ತೆ, ನಿಜ. ಆದರೆ ತೆಳುವಾಗಿ ನಿಂತ ಜೇಕಿನ ಮಧ್ಯೆ ಮೀನು ಓಡಾಡುತ್ತೆ.

ಆ ಕಡ್ಡಿಗಳನ್ನ ಹತ್ತಿರದಿಂದ ನೋಡಿ. ಕಂದು ಬಣ್ಣದ ಒಣ ಪೊರೆ ಅಂಟಿಕೊಂಡಿರುತ್ತೆ, ಬೆನ್ನು ಸೀಳಿರುತ್ತೆ. ಅದು ಕೊಡತಿ ಕೀಟದ್ದು, ಏರೋಪ್ಲೇನ್ ಚಿಟ್ಟೆ ಅಂತೀವಲ್ಲ, ಅದರದ್ದು. ನೀರೊಳಗೆ ಸೊಳ್ಳೆ ಮರಿ ತಿಂದು ಬೆಳೆದ ಹುಳು ಬೆಳಗಿನ ಜಾವ ಕಡ್ಡಿ ಹತ್ತಿ, ಪೊರೆ ಬಿಟ್ಟು, ರೆಕ್ಕೆ ಒಣಗಿಸ್ಕೊಂಡು ಹಾರಿಹೋಗುತ್ತೆ. ಹಾರಿದ ಮೇಲೂ ಸೊಳ್ಳೆ ಹಿಡಿದು ತಿನ್ನುತ್ತೆ. ದಡಕ್ಕೆ ಕಲ್ಲು ಕಟ್ಟಿದ್ರೆ ಅದು ಹತ್ತೋಕೆ ಕಡ್ಡಿ ಎಲ್ಲಿದೆ?

ಹಾವು ಹೆಚ್ಚಾಗಿ ನೀರೊಳ್ಳೆ. ವಿಷ ಇಲ್ಲ. ಕೋಪ ಮಾತ್ರ ಜಾಸ್ತಿ, ಮುಟ್ಟೋಕೆ ಹೋಗಬೇಡಿ. ಬೇರೆ ಹಾವೂ ಇರಬಹುದು, ಮಕ್ಕಳಿಗೆ ದಾರಿ ಬಿಟ್ಟು ಇಳಿಯಬೇಡಿ ಅಂತ ಹೇಳೋದು ಸರಿ.

ಮುಂಜಾನೆನಡಿಗೆ
ಚರಂಡಿ ನೀರು ಬರುತ್ತೆ. ಎಷ್ಟು ಅರ್ಜಿ ಕೊಟ್ಟರೂ ನಿಂತಿಲ್ಲ.

ಹಕ್ಕಿನೋಟ
ಹಾಗಾದ್ರೆ ನಿಮ್ಮಲ್ಲಿ ಬೆಳೆದಿರೋದು ಬರೀ ಆಪು ಇರಬೇಕು. ಗೊಬ್ಬರದಂಥ ನೀರು, ಅದೂ ವರ್ಷವಿಡೀ ಒಂದೇ ಮಟ್ಟ. ಆಪಿಗೆ ಅದಕ್ಕಿಂತ ಇಷ್ಟವಾದದ್ದು ಇಲ್ಲ, ಬೇರೆ ಗಿಡಗಳನ್ನೆಲ್ಲ ತಳ್ಳಿ ತಾನೊಂದೇ ಬೆಳೆಯುತ್ತೆ. ಬೇಸಿಗೇಲಿ ಇಳಿದು ಮಳೆಗಾಲದಲ್ಲಿ ಏರೋ ಕೆರೆಯಲ್ಲಿ ಅದಕ್ಕೆ ಅಷ್ಟು ಬಲ ಬರಲ್ಲ, ಅಲ್ಲಿ ಜೇಕಿಗೂ ಜಾಗ ಉಳಿಯುತ್ತೆ.

ಮುಂಜಾನೆನಡಿಗೆ
ಹೌದು, ಊದುಬತ್ತಿ ತೆನೆಯದ್ದೇ. ಮೂರು ಮೂಲೆ ಕಡ್ಡಿ ನಮ್ಮಲ್ಲಿ ನೋಡಿದ ನೆನಪೇ ಇಲ್ಲ.

ತೂಬುಏರಿ
ಮೂವತ್ತು ವರ್ಷ ನೀರಾವರಿ ಕೆಲಸ ಮಾಡಿ ನಿವೃತ್ತಿ ಆದವನು. ನನ್ನದೂ ಒಂದು ಮಾತು.

ಕೆರೆ ಕಟ್ಟಿದ್ದು ನೀರು ನಿಲ್ಲಿಸೋಕೆ. ಹೂಳು ತುಂಬಿದ್ರೆ ಕೆರೆ ಕೆಳಗಿನ ಅಚ್ಚುಕಟ್ಟು ಗದ್ದೆಗಳಿಗೆ ನೀರಿಲ್ಲ. ಜೇಕು ಇರೋ ಕಡೆ ಹೂಳು ಬೇಗ ಕೂರುತ್ತೆ, ಇದು ಕಣ್ಣಾರೆ ಕಂಡದ್ದು. ಅಂಚು ಮುಂದೆ ಮುಂದೆ ಬರುತ್ತೆ, ಅದರ ಹಿಂದೆ ಒತ್ತುವರಿ ಬರುತ್ತೆ. ಪರಿಸರ ಅಂತ ಸುಮ್ಮನೆ ಕೂತರೆ ಹತ್ತು ವರ್ಷದಲ್ಲಿ ಕೆರೆ ಅಂಗಳದಲ್ಲಿ ರಾಗಿ ಬಿತ್ತಿರ್ತಾರೆ.

ಗಿಡಗೆಳತಿ
ಸರ್, ಹೂಳು ಅಲ್ಲಿ ಕೂರುತ್ತೆ ಅನ್ನೋದು ನಿಜ. ಅಲ್ಲಿ ಕೂರದಿದ್ರೆ ಎಲ್ಲಿ ಹೋಗುತ್ತೆ? ನೇರ ತೂಬಿನ ಬಾಯಿಗೆ, ಗದ್ದೆಗೆ ನೀರು ಬಿಡೋ ಕಡೆಗೆ. ಹಳ್ಳ ಬಂದು ಸೇರೋ ಕಡೆ ಜೇಕು ಇದ್ದರೆ ನೀರಿನ ಓಟ ತಗ್ಗಿ ಮಣ್ಣು ಅಲ್ಲೇ ನಿಲ್ಲುತ್ತೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಅಲ್ಲಿಂದ ಎತ್ತೋದು ಸುಲಭವಾ, ಕೆರೆ ನಡುವಿಂದ ಎತ್ತೋದು ಸುಲಭವಾ?

ತೂಬುಏರಿ
ಹಳ್ಳದ ಬಾಯಲ್ಲಿ ಒಪ್ಪಿದೆ. ಏರಿಯ ಮೈಮೇಲೆ, ತೂಬಿನ ಹತ್ತಿರ, ಹೆಚ್ಚಿನ ನೀರು ಹೊರಗೆ ಹರಿಯೋ ಕೋಡಿಯಲ್ಲಿ ಒಂದು ಕಡ್ಡಿಯೂ ಇರಕೂಡದು. ಏರಿ ಮೇಲೆ ದಟ್ಟ ಬೆಳೆದರೆ ಇಲಿ, ಹೆಗ್ಗಣ ತೂತು ಮಾಡಿದ್ದು ಕಾಣಲ್ಲ. ಏರಿ ಒಡೆಯೋದು ಹಾಗೆ ಶುರುವಾಗುತ್ತೆ.

ಗಿಡಗೆಳತಿ
ಅದರಲ್ಲಿ ನನ್ನದೂ ಅದೇ ಅಭಿಪ್ರಾಯ.

ತೂಬುಏರಿ
ಹಾಗಿದ್ರೆ ಕೆರೆಕೋಡಿಯವರು ಗಿಡದ ವಿಷಯ ಮಾತ್ರ ಕೇಳ್ತಿದ್ದಾರೆ, ನಿಜವಾಗಿ ಕೇಳಬೇಕಾದ್ದು ಹಿಟಾಚಿ ಎಷ್ಟು ಕಡಿದಾಗಿ ಕೊರೆಯುತ್ತೆ ಅಂತ. ನಾನೇ ಮಾಡಿಸಿದ ಕೆಲಸಗಳನ್ನ ನೆನೆಸ್ಕೊಂಡು ಹೇಳ್ತಿದೀನಿ. ಎಷ್ಟು ಘನ ಮೀಟರ್ ಎತ್ತಿದ್ರಿ ಅನ್ನೋದರ ಮೇಲೆ ಬಿಲ್ಲು. ಹಾಗಾಗಿ ದಡದಿಂದಲೇ ನೆಟ್ಟಗೆ ಇಳಿಸ್ತಾರೆ, ಕೆರೆ ಸಾಂಬಾರ್ ಬಟ್ಟಲಿನ ಥರ ಆಗುತ್ತೆ. ನೀರು ಇದ್ದರೆ ದಡದಲ್ಲೇ ಆಳುದ್ದ, ಇಲ್ಲದಿದ್ರೆ ಬರೀ ಗೋಡೆ. ದನ ನೀರು ಕುಡಿಯೋಕೆ ಇಳಿಯಲ್ಲ. ಮಕ್ಕಳು ಜಾರಿದ್ರೆ ಹತ್ತೋಕಾಗಲ್ಲ. ಎತ್ತಿನ ಗಾಡಿಯಲ್ಲಿ ಗೋಡು (ಹೂಳು ಮಣ್ಣು) ಹೊಡೀತಿದ್ದ ಕಾಲದಲ್ಲಿ ಗಾಡಿ ಇಳಿದು ಹತ್ತಬೇಕಿತ್ತು, ಅದಕ್ಕೇ ಇಳಿಜಾರು ತಾನಾಗೇ ಉಳೀತಿತ್ತು.

ಗಿಡಗೆಳತಿ
ಇದೇ! ಇಷ್ಟು ಹೊತ್ತು ನಾನು ಹೇಳೋಕೆ ಹೆಣಗಿದ್ದು ಇದನ್ನೇ. ಪಂಗೋರೈ ಮನೆ ಅಂದ್ರೆ ಕೆರೆ ಅಲ್ಲ, ಆ ಇಳಿಜಾರು. ವರ್ಷದಲ್ಲಿ ಕೆಲವು ತಿಂಗಳು ನೀರು, ಕೆಲವು ತಿಂಗಳು ಬರೀ ಹಸಿ ಮಣ್ಣು ಇರೋ ಪಟ್ಟಿ. ಬೀಜ ಮೊಳೆಯೋದು ನೀರಿಳಿದು ಬಿಸಿಲು ಬಿದ್ದ ಕೆಸರಲ್ಲಿ. ಗಿಡ ಬಲಿಯೋದು ನೀರು ಏರಿದಾಗ. ಒಂದಡಿ ಇಳಿಯೋಕೆ ಹತ್ತಡಿ ಅಗಲ ಇರೋ ದಡದಲ್ಲಿ ನೀರು ಮೂರಡಿ ಇಳಿದರೆ ಮೂವತ್ತಡಿ ಪಟ್ಟಿ ಸಿಗುತ್ತೆ. ಗೋಡೆಯಂಥ ದಡದಲ್ಲಿ ಅದೇ ಮೂರಡಿ ಇಳಿದರೆ ಏನೂ ಸಿಗಲ್ಲ. ನೀವು ಗಿಡ ಕೀಳದೆ ಬಿಟ್ಟು ಇಳಿಜಾರು ಕೊರೆದರೂ ಗಿಡ ಹೋಯ್ತು. ಗಿಡ ಕಿತ್ತು ಇಳಿಜಾರು ಉಳಿಸಿದ್ರೆ ಮತ್ತೆ ಬರುತ್ತೆ.

ಕೆರೆಕೋಡಿ
ತೂಬುಏರಿ ಸರ್, ಮೇಡಂ, ಇದನ್ನ ಬರೆದಿಟ್ಕೊಂಡೆ. ಕಾನೂನು ಏನಾದ್ರೂ ನೆರವಿಗೆ ಬರುತ್ತಾ? ಜೌಗು ಪ್ರದೇಶ ಅಂತ ನಿಯಮ ಇದೆಯಲ್ಲ.

ತೂಬುಏರಿ
2017ರ ಜೌಗು ಪ್ರದೇಶ ನಿಯಮಗಳಲ್ಲಿ, ಕುಡಿಯೋ ನೀರಿಗೆ, ನೀರಾವರಿಗೆ ಅಂತ ಮನುಷ್ಯರು ಕಟ್ಟಿದ್ದನ್ನ ಹೊರಗಿಟ್ಟಿದ್ದಾರೆ. ನಮ್ಮ ಕೆರೆಗಳು ಬಹುಪಾಲು ಅಲ್ಲೇ ಜಾರಿ ಹೋಗ್ತವೆ. ಒತ್ತುವರಿ, ಕಸ ಸುರಿಯೋದು ಇವಕ್ಕೆ ರಾಜ್ಯದ 2014ರ ಕೆರೆ ಪ್ರಾಧಿಕಾರದ ಕಾಯ್ದೆ ಇದೆ. ಜೇಕು ಉಳಿಸಿ ಅಂತ ಯಾವ ಕಾಯ್ದೆಯೂ ಹೇಳಲ್ಲ. ಸಮಿತಿ ಒಪ್ಪಬೇಕು, ಅಂದಾಜುಪಟ್ಟಿಯಲ್ಲಿ ದಡದ ಇಳಿಜಾರು ಇಷ್ಟು ಅಂತ ಬರೆಸಬೇಕು. ಬಾಯಿಮಾತಲ್ಲಿ ಬಿಡಬೇಡಿ, ಡ್ರೈವರ್‌ಗೆ ಕೈಯಲ್ಲಿ ತೋರಿಸಿ, ಸುಣ್ಣದಲ್ಲಿ ಗೆರೆ ಎಳೆಸಿ.

ಬೆಳವಲ
ನಮ್ಮ ಗದಗ ಜಿಲ್ಲೆದಾಗ ಮಾಗಡಿ ಕೆರಿ ಐತ್ರೀ. ಚಳಿಗಾಲಕ್ಕ ಪಟ್ಟೆತಲೆ ಹೆಬ್ಬಾತು ಸಾವಿರಗಟ್ಟಲೆ ಬರ್ತಾವ, ಹಿಮಾಲಯ ದಾಟಿ. 2024ಕ್ಕ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರೇತಿ. ಆ ಹಕ್ಕಿಗೆ ಬಯಲು ದಂಡಿ ಬೇಕ್ರೀ, ಸುತ್ತೂ ಕಾಣಬೇಕು. ಜೊಂಡು ಎತ್ತರ ಬೆಳದ ಕಡೆ ಅವು ಕೂಡೂದಿಲ್ಲ. ಅದಕ್ಕ ಎಲ್ಲಾ ಕಡೆ ಜೇಕು ಬಿಡ್ರಿ ಅನ್ನೂದೂ ಸರಿ ಅಲ್ಲ.

ಹಕ್ಕಿನೋಟ
ಬೆಳವಲ ಸರ್, ಒಳ್ಳೇ ಮಾತು. ಹೆಬ್ಬಾತಿಗೆ ಬಯಲು ಬೇಕು, ಜಂಬುಕೋಳಿಗೆ ಮರೆ ಬೇಕು. ಜಂಬು ಅಂದ್ರೇ ನೀರಲ್ಲಿ ಬೆಳೆಯೋ ಹುಲ್ಲು, ಹಕ್ಕಿ ತನ್ನ ಮನೆಯ ಹೆಸರನ್ನೇ ಹೊತ್ತಿದೆ. ಹುಂಡುಕೋಳಿ, ನಾಮದ ಕೋಳಿ, ಇವೂ ಗೂಡಿಗೆ ಈ ಮರೆಯನ್ನೇ ಹುಡುಕೋದು.

ಪೂರ್ತಿ ಕೈಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ರಾಜಸ್ಥಾನದ ಭರತಪುರದ ಹಕ್ಕಿಧಾಮ ಇದೆ. ಅಲ್ಲಿಗೆ ಬರ್ತಿದ್ದ ಸೈಬೀರಿಯಾದ ಬಿಳಿ ಕೊಕ್ಕರೆಗಳು ಕೆಸರು ಕೆದಕಿ ತಿಂತಿದ್ದದ್ದು ಜೇಕಿನ ಗಡ್ಡೆಗಳನ್ನ. 1982ರಲ್ಲಿ ಎಮ್ಮೆ ದನ ಮೇಯಿಸೋದನ್ನ ನಿಲ್ಲಿಸಿದ್ರು. ಹಕ್ಕಿಗೆ ಒಳ್ಳೇದಾಗಲಿ ಅಂತಲೇ ಮಾಡಿದ್ದು. ಆದರೆ ಎಮ್ಮೆ ಹೋದ ಮೇಲೆ ಪಾಸ್ಪಾಲಮ್ ಅನ್ನೋ ನೀರುಹುಲ್ಲು ನೀರಿನ ಮೇಲೆಲ್ಲ ಹಬ್ಬಿತು, ಹಕ್ಕಿಗಳಿಗೆ ತೆರೆದ ನೀರು ಕಡಿಮೆ ಆಯ್ತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವರ್ಷಗಟ್ಟಲೆ ಅಧ್ಯಯನ ಮಾಡಿ ಎಮ್ಮೆ ಮೇಯೋದು ಕೆರೆಗೆ ಬೇಕು ಅಂತ ಹೇಳಿದ್ರು. 2002ರ ನಂತರ ಆ ಕೊಕ್ಕರೆಗಳು ಅಲ್ಲಿ ಬಂದಿಲ್ಲ. ಬಾರದಿರೋದಕ್ಕೆ ದಾರಿಯುದ್ದಕ್ಕೂ ನಡೆದ ಬೇಟೆ ಮುಖ್ಯ ಕಾರಣ, ಹುಲ್ಲಿನ ಮೇಲೆ ಪೂರ್ತಿ ಹೊರಿಸಲ್ಲ ನಾನು. ಆದರೂ ಕೈ ಹಾಕದೆ ಬಿಟ್ಟರೆ ಎಲ್ಲ ಸರಿ ಹೋಗುತ್ತೆ ಅನ್ನೋದು ನಿಜ ಅಲ್ಲ.

ಗದ್ದೆಬಯಲು
ಅಂದ್ರೆ ಎಮ್ಮೆ ಬಿಡಬಹುದು?

ಹಕ್ಕಿನೋಟ
ಬಿಡಬಹುದು. ಮೊಳಕೆ ಹೊತ್ತಲ್ಲಿ ಮಾತ್ರ ಬೇಡ.

ಕಾವೇರಿದಂಡೆ
ಚಾಪೆ ವಿಷಯಕ್ಕೆ ಬರ್ತೀನಿ. ನಮ್ಮಮ್ಮನ ತವರು ಕರೂರು ಕಡೆ. ಅಲ್ಲಿ ಕಾವೇರಿ ಬಯಲಲ್ಲಿ ಕೋರೈಯನ್ನ ಭತ್ತದ ಹಾಗೆ ಬೆಳೆಯಾಗೇ ಬೆಳೀತಾರೆ. ಒಮ್ಮೆ ಬೇರುಕಾಂಡ ನೆಟ್ಟರೆ ವರ್ಷಗಟ್ಟಲೆ ಕೊಯ್ತಾನೇ ಇರಬಹುದು.

ಹಸಿ ಇರುವಾಗಲೇ ಕಡ್ಡಿಯನ್ನ ಉದ್ದಕ್ಕೆ ಸೀಳಬೇಕು. ಒಳಗಿನ ಬೆಂಡು ತೆಗೆದು ಬಿಸಿಲಲ್ಲಿ ಹರಡಿದ್ರೆ ಎರಡು ಮೂರು ದಿನಕ್ಕೆ ಹಸಿರು ಹೋಗಿ ಹೊಂಬಣ್ಣ ಬರುತ್ತೆ. ಮಳೆ ಹನಿ ಬಿತ್ತೋ, ಕಪ್ಪು ಕಲೆ, ಅಲ್ಲಿಗೆ ಬೆಲೆ ಹೋಯ್ತು. ಚಿಕ್ಕವನಿದ್ದಾಗ ಮೋಡ ಕಂಡರೆ ಮನೆಮಂದಿ ಎಲ್ಲ ಅಂಗಳಕ್ಕೆ ಓಡ್ತಿದ್ದದ್ದು ನೆನಪಿದೆ. ತಿರುನೆಲ್ವೇಲಿ ಕಡೆ ಪತ್ತಮಡೈ ಅಂತ ಊರಿದೆ. ಅಲ್ಲಿ ತಾಮ್ರಪರ್ಣಿ ನೀರಲ್ಲಿ ಕಡ್ಡಿಯನ್ನ ದಿನಗಟ್ಟಲೆ ನೆನೆಸಿ, ಕೂದಲಿನಷ್ಟು ಸಣ್ಣಗೆ ಸೀಳಿ, ಹತ್ತಿ ಇಲ್ಲ ರೇಷ್ಮೆ ನೂಲಿನ ಹಾಸಿನಲ್ಲಿ ನೇಯ್ತಾರೆ. ಮುಟ್ಟಿದ್ರೆ ಬಟ್ಟೆ, ಮಡಿಸಬಹುದು. ಮದುವೆಯಲ್ಲಿ ಹುಡುಗ ಹುಡುಗಿ ಹೆಸರು ನೇಯ್ದು ಕೊಡ್ತಾರೆ. ಕೇರಳದ ಕಿಳ್ಳಿಮಂಗಲಂ ಚಾಪೆ, ಬಂಗಾಳದ ಮಾದುರ್ ಚಾಪೆ, ಇವೂ ಜೇಕಿನವೇ.

ಗಿಡಗೆಳತಿ
ಈ ಕೊಯ್ಲು ಕೆರೆಗೂ ಬೇಕು. ಜೇಕು ಕೊಳಚೆ ನೀರಿಂದ ಹೀರಿಕೊಂಡ ರಂಜಕ (ಫಾಸ್ಫರಸ್) ಎಲ್ಲೂ ಹೋಗಿರಲ್ಲ, ಕಡ್ಡಿಯಲ್ಲೇ ಇರುತ್ತೆ. ಒಣಗಿ ನೀರಿಗೆ ಬಿದ್ದರೆ ವಾಪಸ್ ಕೆರೆಗೆ. ಕೊಯ್ದು ಹೊರಗೆ ಒಯ್ದರೆ ಮಾತ್ರ ಹೊರಗೆ ಹೋದಂತೆ. ಚಾಪೆ ನೇಯೋದು ನಿಂತಾಗ ಕೆರೆಯಿಂದ ಕಸ ಎತ್ತೋ ಕೆಲಸವೂ ನಿಂತುಹೋಯ್ತು.

ಒಂದು ಎಚ್ಚರಿಕೆ. ಕೊಯ್ಯೋದು ನೀರಿನ ಮಟ್ಟಕ್ಕಿಂತ ಮೇಲೆ. ಉಳಿದ ಮೋಟು ಗಾಳಿ ಎಳೆಯುತ್ತೆ, ಬೇರು ಬದುಕುತ್ತೆ. ನೀರೊಳಗೆ ಕೊಯ್ದರೆ ಬೇರಿಗೆ ಉಸಿರಿಲ್ಲ. ಆಪು ಕಡಿಮೆ ಮಾಡಬೇಕು ಅಂದ್ರೆ ಇದನ್ನೇ ಉಪಾಯವಾಗಿ ಬಳಸಿ. ತುಂಬಿದ ನೀರಲ್ಲಿ, ಮೇಲ್ಮೈಯಿಂದ ಒಂದಡಿ ಕೆಳಗೆ ಕೊಯ್ಯಿ. ಹಿಟಾಚಿ ಬೇಕಾಗಿಲ್ಲ.

ಮುಂಜಾನೆನಡಿಗೆ
ಇದು ನನಗೆ ಉಪಯೋಗದ ಮಾತು. ನಮ್ಮ ನಿವಾಸಿಗಳ ಗುಂಪಲ್ಲಿ ಹಾಕ್ತೀನಿ.

ಕೆರೆಕೋಡಿ
ಇವತ್ತು ಊರಲ್ಲಿ ಚಾಪೆ ನೇಯೋದು ಬಲ್ಲವರು ಉಳಿದಿದ್ದಾರಾ ಅಂತ ಹುಡುಕಿದೆ. ಒಬ್ಬರೇ ಸಿಕ್ಕಿದ್ರು, ಎಂಬತ್ತರ ಹತ್ತಿರದ ಅಜ್ಜಿ. ನಾನು ತಂದ ಕಟ್ಟಿನಿಂದ ಒಂದು ಕಡ್ಡಿ ಎಳೆದು, ಬಗ್ಗಿಸಿ ನೋಡಿ, 'ಇದು ಬಲಿತಿಲ್ಲ ಕಣಪ್ಪ, ಹಳ್ಳದ ಬಾಯಿಂದ ತರಬೇಕು, ಅಲ್ಲಿ ಉದ್ದ ಬರ್ತದೆ' ಅಂದ್ರು. ಇಪ್ಪತ್ತೈದು ವರ್ಷ ಆಯ್ತಂತೆ ಅವರು ಕೆರೆಗೆ ಇಳಿದು. ಎಲ್ಲಿ ಉದ್ದ, ಎಲ್ಲಿ ಗಿಡ್ಡ ಅನ್ನೋದು ಇನ್ನೂ ಬಾಯ್ತುದೀಲಿ ಇದೆ. ಹಲ್ಲಲ್ಲಿ ತುದಿ ಕಚ್ಚಿ ಹಿಡಿದು ಬ್ಲೇಡಿಂದ ಸರ್ರನೆ ಸೀಳಿ ತೋರಿಸಿದ್ರು. ಭಾನುವಾರದ ಸಭೆಗೆ ಅವರನ್ನೇ ಕರೀತಿದೀನಿ.

ಮೇಡಂ, ಕೊನೇ ಪ್ರಶ್ನೆ. ಕಲ್ಲು ಕಟ್ಟೋದನ್ನ ಪೂರ್ತಿ ತಡೆಯೋಕಾಗಲ್ಲ ಅನ್ಸುತ್ತೆ. ಕಿತ್ತ ಕಡೆ ಮತ್ತೆ ಬರಿಸೋಕೆ ಏನು ಮಾಡಬೇಕು?

ಗಿಡಗೆಳತಿ
ಮೇಲ್ಮಣ್ಣು ಒಂದು ಗೇಣಿನಷ್ಟನ್ನ ಹೊಲಕ್ಕೆ ಹೊಡೆಯೋಕೆ ಬಿಡಬೇಡಿ. ಬೇರೆ ಗುಡ್ಡೆ ಹಾಕಿಸಿ. ವರ್ಷಗಳಿಂದ ಉದುರಿದ ಬೀಜ ಎಲ್ಲ ಅದರಲ್ಲೇ ಇದೆ, ಜೇಕು ಮಾತ್ರ ಅಲ್ಲ, ಅಂಚಿನ ಎಲ್ಲ ಗಿಡಗಳದ್ದೂ. ಕೆಲಸ ಮುಗಿದ ಮೇಲೆ ಇಳಿಜಾರಿನ ಮೇಲೆ ಅದನ್ನೇ ತೆಳುವಾಗಿ ಹರಡಿ. ಮಳೆಗೆ ಮುಂಚೆ ಆಗಬೇಕು. ಜೊತೆಗೆ ಬೇರುಕಾಂಡದ ತುಂಡು, ಒಂದೊಂದರಲ್ಲಿ ಎರಡು ಮೂರು ಚಿಗುರು ಇರೋ ಹಾಗೆ, ಒದ್ದೆ ಗೋಣಿಚೀಲದಲ್ಲಿ ನೆರಳಲ್ಲಿ ಇಟ್ಕೊಳ್ಳಿ.

ಕೆರೆಕೋಡಿ
(ನಾಲ್ಕು ದಿನದ ನಂತರ) ಸಭೆ ಆಯ್ತು. ಪೂರ್ತಿ ಗೆದ್ದೆ ಅನ್ನೋಕಾಗಲ್ಲ. ಊರ ಕಡೆಯ ದಂಡೆಗೆ ಕಲ್ಲು ಬರುತ್ತೆ, ದಾರಿಯೂ ಅಲ್ಲೇ. ಹಳ್ಳದ ಬಾಯಿ ಮತ್ತು ಪಡುವಣ ದಂಡೆ ಬಿಡಿಸಿಕೊಂಡ್ವಿ. ಅಲ್ಲಿ ಹೂಳು ತೆಗೆದರೂ ಒಂದಕ್ಕೆ ಹತ್ತರ ಇಳಿಜಾರು ಅಂತ ಅಂದಾಜುಪಟ್ಟಿಯಲ್ಲಿ ಬರೆಸಿದೀವಿ. ನಮ್ಮ ಸಮಿತಿಯಲ್ಲಿ ಜೋರಾಗಿ ವಿರೋಧ ಮಾಡ್ತಿದ್ದವರು ಅಜ್ಜಿ ಮಾತಾಡಿದ ಮೇಲೆ ಸುಮ್ಮನಾದ್ರು. ಅಜ್ಜಿ ಗಿಡದ ಬಗ್ಗೆ ಏನೂ ಹೇಳಲಿಲ್ಲ. ನೀರು ತುಂಬಿದಾಗ ಹೆಣ್ಣುಮಕ್ಕಳು ಬಟ್ಟೆ ಒಗೆಯೋಕೆ ಎಲ್ಲಿ ಇಳೀಬೇಕು ಅಂತ ಮಾತ್ರ ಕೇಳಿದ್ರು.

ತೂಬುಏರಿ
ಸುಣ್ಣದ ಗೆರೆ ಎಳೆಸಿದ್ರಾ?

ಕೆರೆಕೋಡಿ
ಎಳೆಸಿದೆ ಸರ್. ಎರಡು ಸಲ ಅಳಿಸಿ ಹೋಯ್ತು. ಮೂರನೇ ಸಲ ಗೂಟ ಹೊಡೆದು ಹಗ್ಗ ಕಟ್ಟಿದೀನಿ.

ಕೆರೆಕೋಡಿ
(ಏಳು ವಾರದ ನಂತರ) ಹಳೇ ಎಳೆಗೆ ಮತ್ತೆ ಬಂದೆ. ಎರಡು ಹದ ಮಳೆ ಆಗಿದೆ. ಪಡುವಣ ದಂಡೆಯಲ್ಲಿ ಮೇಲ್ಮಣ್ಣು ಹರಡಿದ ಕಡೆ ಸೂಜಿಯಂಥ ಮೊಳಕೆ ಎದ್ದಿದೆ, ಒಂದಂಗುಲ ಇರಬಹುದು. ಹರಡದ ಕಡೆ ಬರೀ ಕೆಂಪು ಮಣ್ಣು. ಫೋಟೊ ಹಾಕಿದೀನಿ. ಮೇಡಂ, ಇದು ಪಂಗೋರೈನಾ?

ಗಿಡಗೆಳತಿ
ಇಷ್ಟು ಚಿಕ್ಕದರಲ್ಲಿ ಹೇಳೋಕಾಗಲ್ಲ. ಎಡಗಡೆ ಮೂಲೆಯಲ್ಲಿರೋದು ಖಂಡಿತ ಬೇರೆ ಏನೋ. ಹೂ ಬರಲಿ, ನೋಡೋಣ. ಅಲ್ಲೀತನಕ ಆ ಕಡೆ ಎಮ್ಮೆ ಬಿಡಬೇಡಿ.

ಗದ್ದೆಬಯಲು
ಹೂ ಬಂದಾಗ ನನಗೂ ಒಂದು ಫೋಟೊ ಹಾಕಿ ಅಣ್ಣ. ಗದ್ದೇದು ಯಾವುದು, ಕೆರೇದು ಯಾವುದು ಅಂತ ಪಕ್ಕಪಕ್ಕ ಇಟ್ಟು ನೋಡಬೇಕು.